ಮಳೆ ಬಂದಾಗ ಮಾತ್ರ ಟ್ರಿಪ್ ಆಗುವ ಮನೆ

ತೀರ್ಥಹಳ್ಳಿ ಪಟ್ಟಣದಲ್ಲಿ 1996ರಲ್ಲಿ ಕಟ್ಟಿದ ಮನೆ. ಕೆಳಗೆ ನಿವೃತ್ತ ಶಿಕ್ಷಕರು, ಅವರ ಹೆಂಡತಿ, ಮಗ, ಸೊಸೆ. ಮೇಲಿನ ಮಹಡಿಯಲ್ಲಿ ಬಾಡಿಗೆಯವರು; ಅವರಿಗೆ ಬೇರೆ ಮೀಟರ್. ಕೆಳಗಿನ ಮನೆಯ ಹಳೆಯ ಪಿಂಗಾಣಿ ಫ್ಯೂಸ್ ಕಟೌಟ್‌ಗಳನ್ನು ಕೆಲವು ವರ್ಷಗಳ ಹಿಂದೆ ತೆಗೆಸಿ ಎಂಸಿಬಿಗಳ (ಲೋಡ್ ಮಿತಿ ದಾಟಿದರೆ ತಾನೇ ಬೀಳುವ ಸ್ವಿಚ್) ಡಬ್ಬಿ ಕೂರಿಸಿದ್ದರು. ಆಗಲೇ ಮಗನ ಒತ್ತಾಯಕ್ಕೆ, ಕರೆಂಟ್ ನೆಲಕ್ಕೆ ಸೋರಿದರೆ ಲೈನ್ ಕಡಿಯುವ 30 ಮಿಲಿ ಆಂಪಿಯರಿನ ಒಂದು ಆರ್‌ಸಿಸಿಬಿಯೂ ಬಂದಿತ್ತು. ಮನೆಯ ಮಟ್ಟಿಗೆ ಅದು ಒಳ್ಳೆಯ ನಿರ್ಧಾರ. ಆದರೆ ಡಬ್ಬಿ ಹೊಸದಾಯಿತೇ ಹೊರತು ಗೋಡೆಯೊಳಗಿನ ವೈರು ಹಳೆಯದೇ ಉಳಿಯಿತು. ನಮ್ಮ ಊರುಗಳ ಅರ್ಧಕ್ಕರ್ಧ ಮನೆಗಳ ಸ್ಥಿತಿ ಇದೇ.

ತೊಂದರೆ ಶುರುವಾದದ್ದು ಆಷಾಢದ ಮಳೆ ಹಿಡಿದ ಮೇಲೆ. ಸಂಜೆ ಏಳರ ಹೊತ್ತಿಗೆ ಇದ್ದಕ್ಕಿದ್ದ ಹಾಗೆ ಇಡೀ ಕೆಳಮನೆ ಕತ್ತಲಾಗುತ್ತಿತ್ತು. ಮೇಲಿನವರಿಗೆ ಕರೆಂಟ್ ಇರುತ್ತಿತ್ತು. ಆರ್‌ಸಿಸಿಬಿಯ ಕಿವಿ (ಹಿಡಿಕೆ) ಕೆಳಗೆ ಬಿದ್ದಿರುತ್ತಿತ್ತು. ಎತ್ತಿದರೆ ಒಮ್ಮೆ ನಿಲ್ಲುತ್ತಿತ್ತು, ಒಮ್ಮೆ ಮತ್ತೆ ಬೀಳುತ್ತಿತ್ತು. ಎಲ್ಲ ಸಂಜೆಯೂ ಹೀಗಾಗುತ್ತಿರಲಿಲ್ಲ. ಬೆಳಿಗ್ಗೆಯಂತೂ ಒಮ್ಮೆಯೂ ಆಗಿರಲಿಲ್ಲ. ಈ ‘ಒಮ್ಮೆ ಆಗುತ್ತದೆ, ಒಮ್ಮೆ ಇಲ್ಲ’ ಎಂಬುದೇ ಮುಂದಿನ ಎಲ್ಲ ಗೊಂದಲಕ್ಕೂ ಕಾರಣವಾಯಿತು.

ಮೊದಲ ರಾತ್ರಿ ಮಗ 1912ಕ್ಕೆ ಫೋನ್ ಮಾಡಿದರು. ಪವರ್‌ಮ್ಯಾನ್ ಬಂದರು, ಮೀಟರ್ ತನಕ ಬರುವ ಕರೆಂಟ್ ಸರಿಯಿದೆ ಎಂದು ತೋರಿಸಿದರು, ಮೀಟರಿನಿಂದ ಈಚೆಗಿನದು ಮನೆಯವರ ಜವಾಬ್ದಾರಿ, ಎಲೆಕ್ಟ್ರಿಷಿಯನ್ ಕರೆಸಿಕೊಳ್ಳಿ ಎಂದರು. ಸರಿಯಾದ ಮಾತು. ಮೇಲಿನ ಮನೆಯಲ್ಲಿ ದೀಪ ಉರಿಯುತ್ತಿದೆ, ಕೆಳಗೆ ಆರ್‌ಸಿಸಿಬಿ ಬಿದ್ದಿದೆ ಎಂದರೆ ತಪ್ಪು ಒಳಗಿದೆ ಎಂಬುದು ಫೋನ್ ಮಾಡುವ ಮೊದಲೇ ಗೊತ್ತಾಗಬೇಕಿತ್ತು. 1912 ಬೇಕಾಗುವುದು ಬೇರೆ ಸಂದರ್ಭಗಳಿಗೆ: ಬೀದಿಯಲ್ಲಿ ತಂತಿ ಹರಿದು ಬಿದ್ದಾಗ, ಕಂಬದಿಂದ ಮನೆಗೆ ಬರುವ ಸರ್ವಿಸ್ ವೈರ್ ಕಿಡಿ ಕಾರಿದಾಗ, ಅಥವಾ ಕೆಲವು ಬಲ್ಬ್ ಕಣ್ಣು ಕುಕ್ಕುವಷ್ಟು ಉರಿದು ಕೆಲವು ಮಂಕಾದಾಗ. ಈ ಕೊನೆಯದು ನ್ಯೂಟ್ರಲ್ (ಕರೆಂಟ್ ವಾಪಸು ಹೋಗುವ ತಂತಿ) ಕಡಿದುಹೋದದ್ದರ ಗುರುತು. ತ್ರೀ ಫೇಸ್ ಲೈನಿನಲ್ಲಿ ನ್ಯೂಟ್ರಲ್ ಕಡಿದರೆ 230 ವೋಲ್ಟ್ ಬರಬೇಕಾದ ಸಾಕೆಟ್ಟಿನಲ್ಲಿ 400ರ ಹತ್ತಿರದವರೆಗೂ ಬರಬಹುದು. ಆಗ ಮೊದಲು ಮೇನ್ ಸ್ವಿಚ್ ಆಫ್ ಮಾಡಬೇಕು, ಫೋನ್ ಆಮೇಲೆ.

ಮರುದಿನ ಬಂದವನು ಎಲೆಕ್ಟ್ರಿಕಲ್ ಅಂಗಡಿಯವರು ಕಳಿಸಿದ ಹುಡುಗ. ಸಣ್ಣ ಊರುಗಳಲ್ಲಿ ಎಲೆಕ್ಟ್ರಿಷಿಯನ್ ಸಿಗುವುದೇ ಹೀಗೆ. ಅಂಗಡಿಗೆ ಹೋಗಿ ಕೇಳಿದರೆ ಅವರ ಬಳಿ ಮೂರು ನಾಲ್ಕು ನಂಬರ್ ಇರುತ್ತವೆ. ಯಾರು ಬಿಡುವಾಗಿದ್ದಾರೋ ಅವರು ಬರುತ್ತಾರೆ. ಸಾಮಾನು ಅದೇ ಅಂಗಡಿಯಿಂದ. ಹುಡುಗ ಚುರುಕು, ಮಾತು ಮೆತ್ತಗೆ, ಫ್ಯಾನ್ ಕಟ್ಟುವುದು, ಸ್ವಿಚ್ ಬದಲಿಸುವುದು, ಹೊಸ ಪಾಯಿಂಟ್ ಎಳೆಯುವುದು ಎಲ್ಲವನ್ನೂ ಅಚ್ಚುಕಟ್ಟಾಗಿ ಮಾಡುವವನು. ಅವನು ಬಂದದ್ದು ಮಧ್ಯಾಹ್ನ. ಮಳೆ ಬಿಟ್ಟಿತ್ತು. ಕಿವಿ ಎತ್ತಿದ, ನಿಂತಿತು. ಕಾಲು ಗಂಟೆ ಕಾದರೂ ಬೀಳಲಿಲ್ಲ. “ಆರ್‌ಸಿಸಿಬಿ ವೀಕ್ ಆಗಿದೆ ಸರ್, ಬದಲಾಯಿಸಿಬಿಡೋಣ” ಎಂದ. 1,900 ರೂಪಾಯಿಯ ಹೊಸ ಆರ್‌ಸಿಸಿಬಿ, 300 ರೂಪಾಯಿ ಕೂಲಿ. ಹಳೆಯದನ್ನು ಮನೆಯ ಅಮ್ಮ ಎಸೆಯಲು ಬಿಡದೆ ಮೇಜಿನ ಖಾನೆಯಲ್ಲಿಟ್ಟುಕೊಂಡರು. ಅದು ಮುಂದೆ ಕೆಲಸಕ್ಕೆ ಬಂತು.

ಮುಂದಿನ ದೊಡ್ಡ ಮಳೆಯ ಸಂಜೆ ಹೊಸದೂ ಬಿದ್ದಿತು. ಹುಡುಗ ಮತ್ತೆ ಬಂದು, ಈ ಸಲ ಒಂದೊಂದೇ ಎಂಸಿಬಿ ಇಳಿಸಿ ನೋಡಿದ. ಗೀಸರಿನದ್ದನ್ನು ಇಳಿಸಿದಾಗ ಆರ್‌ಸಿಸಿಬಿ ನಿಂತಿತು. ಹಾಗಾದರೆ ಗೀಸರಿನದ್ದೇ ತಪ್ಪು. ಗೀಸರ್ ರಿಪೇರಿಯವರು ಮರುದಿನ ಹತ್ತು ಗಂಟೆಗೆ ಬಂದು ಬಿಚ್ಚಿದರು, ಸೋರಿಕೆ ಇದ್ದರೆ ಉರಿಯುವ ಟೆಸ್ಟ್ ಲ್ಯಾಂಪ್ ಹಿಡಿದರು, ಬಲ್ಬ್ ಉರಿಯಲಿಲ್ಲ. ಗೀಸರ್ ಹಾಕಿ ಅರ್ಧ ಗಂಟೆ ನೀರು ಕಾಯಿಸಿದರು, ಟ್ರಿಪ್ ಆಗಲಿಲ್ಲ. “ಇದರಲ್ಲಿ ಏನೂ ಇಲ್ಲ, ನಿಮ್ಮ ವೈರಿಂಗ್ ನೋಡಿಸಿ” ಎಂದು 350 ರೂಪಾಯಿ ತೆಗೆದುಕೊಂಡು ಹೋದರು. ಒಬ್ಬರು ಗೀಸರ್ ಎನ್ನುತ್ತಾರೆ, ಇನ್ನೊಬ್ಬರು ವೈರಿಂಗ್ ಎನ್ನುತ್ತಾರೆ. ಇಬ್ಬರೂ ತಮ್ಮ ಕಣ್ಣಿಗೆ ಕಂಡದ್ದನ್ನೇ ಹೇಳಿದ್ದರು. ಇಬ್ಬರ ಮಾತೂ ಅರ್ಧ ನಿಜವೆಂದು ಆಗ ಯಾರಿಗೂ ಹೊಳೆಯಲಿಲ್ಲ.

ಆಮೇಲೆ ಮನೆಯಲ್ಲಿ ತಿಥಿ ಬಂತು. ಹಿಂದಿನ ಸಂಜೆಯೇ ನೆಂಟರು ಬಂದಿಳಿದಿದ್ದರು, ಹೊರಗೆ ಧಾರಾಕಾರ ಮಳೆ, ಒಬ್ಬರ ಹಿಂದೆ ಒಬ್ಬರು ಸ್ನಾನಕ್ಕೆ ಹೋಗುತ್ತಿದ್ದರು. ಆರ್‌ಸಿಸಿಬಿ ಎತ್ತಿದ ಹಾಗೆಲ್ಲ ಬೀಳತೊಡಗಿತು. ರಾತ್ರಿ ಒಂಬತ್ತೂವರೆಗೆ ಹುಡುಗನನ್ನು ಮತ್ತೆ ಕರೆಸಿದರು. ನೆನೆದುಕೊಂಡು ಬಂದ ಅವನಿಗೆ ಮೇಷ್ಟ್ರು ಹೇಳಿದ ಮಾತು ಇಷ್ಟೇ: “ಹೇಗಾದರೂ ಮಾಡು ಮಾರಾಯ, ನಾಳೆ ಸಂಜೆಯ ತನಕ ಕರೆಂಟ್ ಇದ್ದರೆ ಸಾಕು.”

ಅವನು ಕೇಳಿದ್ದನ್ನು ಮಾಡಿದ. ಆರ್‌ಸಿಸಿಬಿಯ ವೈರುಗಳನ್ನು ಬಿಚ್ಚಿ, ಅದನ್ನು ಬದಿಗಿಟ್ಟು ಕರೆಂಟನ್ನು ನೇರವಾಗಿ ಎಂಸಿಬಿಗಳಿಗೆ ಕೊಟ್ಟ. ಹೋಗುವಾಗ ಹೇಳಿಯೂ ಹೋದ: “ಈಗ ಡೈರೆಕ್ಟ್ ಕೊಟ್ಟಿದ್ದೇನೆ ಸರ್. ಈ ಪೀಸೂ ಡೂಪ್ಲಿಕೇಟ್ ಇರಬೇಕು, ಬೇರೆ ಕಂಪನಿಯದು ತರಿಸಿ ಹಾಕೋಣ.” 400 ರೂಪಾಯಿ. ಆ ರಾತ್ರಿಯ ಮಟ್ಟಿಗೆ ಮನೆಯವರಿಗೆ ಅವನು ದೇವರ ಹಾಗೆ ಕಂಡ. ತಿಥಿ ಮುಗಿಯಿತು, ನೆಂಟರು ಹೋದರು, ಟ್ರಿಪ್ ಆಗುವುದು ನಿಂತಿತ್ತು, ಬೇರೆ ಕಂಪನಿಯದನ್ನು ತರಿಸುವ ಮಾತು ಮರೆತುಹೋಯಿತು. ಡಬ್ಬಿಯ ಬಾಗಿಲು ತೆರೆದರೆ ಆರ್‌ಸಿಸಿಬಿ ತನ್ನ ಜಾಗದಲ್ಲೇ ಇತ್ತು, ಕಿವಿ ಮೇಲಿತ್ತು. ಆದರೆ ಅದಕ್ಕೆ ಒಂದು ತಂತಿಯ ಸಂಬಂಧವೂ ಇರಲಿಲ್ಲ.

ಇಲ್ಲಿ ಆರ್‌ಸಿಸಿಬಿಯ ಕೆಲಸದ ಬಗ್ಗೆ ನಾಲ್ಕು ಮಾತು ಹೇಳಲೇಬೇಕು, ಏಕೆಂದರೆ ‘ಎಂಸಿಬಿ ಇದೆಯಲ್ಲ, ಸಾಕು’ ಎನ್ನುವವರೇ ಹೆಚ್ಚು. ಎಂಸಿಬಿ ಕಾಯುವುದು ವೈರನ್ನು. 6 ಆಂಪಿಯರಿನ ಎಂಸಿಬಿ 6 ಆಂಪಿಯರ್ ದಾಟಿದ ಮೇಲಷ್ಟೇ ಬೀಳುವ ಯೋಚನೆ ಮಾಡುತ್ತದೆ. ಮನುಷ್ಯನ ಮೈಯಲ್ಲಿ ಹರಿದು ಪ್ರಾಣ ತೆಗೆಯಲು ಅದರ ನೂರನೆಯ ಒಂದು ಪಾಲು ಸಾಕು. 10 ಮಿಲಿ ಆಂಪಿಯರ್ ದಾಟಿತೆಂದರೆ ಹಿಡಿದ ಕೈಯನ್ನು ಬಿಡಿಸಿಕೊಳ್ಳುವುದೇ ಕಷ್ಟ. 9 ವಾಟಿನ ಒಂದು ಎಲ್‌ಇಡಿ ಬಲ್ಬ್ ಎಳೆಯುವುದು ಸುಮಾರು 40 ಮಿಲಿ ಆಂಪಿಯರ್. ಆ ಬಲ್ಬಿನಷ್ಟು ಕರೆಂಟ್ ಎದೆಯ ಮೂಲಕ ಹರಿದರೆ ಜೀವಕ್ಕೆ ಅಪಾಯ, ಎಂಸಿಬಿಗೆ ಅದು ಲೆಕ್ಕಕ್ಕೇ ಇಲ್ಲ. ಆರ್‌ಸಿಸಿಬಿ ಮಾಡುವುದು ಒಂದೇ ಕೆಲಸ: ಫೇಸಿನಲ್ಲಿ ಹೋದ ಕರೆಂಟ್ ಪೂರ್ತಿ ನ್ಯೂಟ್ರಲ್‌ನಲ್ಲಿ ವಾಪಸು ಬಂತೇ ಎಂದು ನೋಡುವುದು. ಕಡಿಮೆ ಬಂದರೆ ಎಲ್ಲೋ ನೆಲಕ್ಕೆ ಸೋರುತ್ತಿದೆ ಎಂದರ್ಥ. 30 ಮಿಲಿ ಆಂಪಿಯರ್ ಸೋರಿಕೆಗೆ ಅದು ಬೀಳಲೇಬೇಕು. 15ರ ವರೆಗೆ ಬೀಳಬಾರದು. ನಡುವೆ ಎಲ್ಲಿ ಬಿದ್ದರೂ ಅದು ಸರಿಯಾದ ಆರ್‌ಸಿಸಿಬಿಯೇ. ಈ 15 ಮತ್ತು 30ರ ನಡುವಿನ ಜಾಗದಲ್ಲಿ ನಮ್ಮ ಪ್ರಕರಣದ ಗುಟ್ಟು ಅಡಗಿತ್ತು.

ಡೈರೆಕ್ಟ್ ಕೊಟ್ಟ ಮೇಲಿನ ಒಂದು ಮುಂಜಾನೆ, ಮಳೆಯಲ್ಲಿ ಹಾಲು ಹಾಕಲು ಬಂದವರು ಗೇಟಿನ ಚಿಲಕ ಮುಟ್ಟಿ ಕೈ ಹಿಂದಕ್ಕೆಳೆದುಕೊಂಡರು. “ಅಮ್ಮಾ, ಗೇಟಿನಲ್ಲಿ ಕರೆಂಟ್ ಇದೆ, ಯಾರೂ ಮುಟ್ಟಬೇಡಿ” ಎಂದು ಹೊರಗಿನಿಂದಲೇ ಕೂಗಿದರು. ಕಾಲಲ್ಲಿ ರಬ್ಬರ್ ಗಂಬೂಟ್ ಇತ್ತು, ಜುಮ್ಮೆಂದಷ್ಟಕ್ಕೆ ಮುಗಿಯಿತು. ಸೊಸೆ ಮೇನ್ ಸ್ವಿಚ್ ಆಫ್ ಮಾಡಿದರು. ಆ ಮನೆಯಲ್ಲಿ ಇಷ್ಟು ದಿನದಲ್ಲಿ ನಡೆದ ಅತ್ಯಂತ ಸರಿಯಾದ ಕೆಲಸ ಅದು. ಗೇಟ್ ಲೈಟಿನ ಸ್ವಿಚ್ ಒಂದನ್ನೇ ಆಫ್ ಮಾಡಿದ್ದರೆ ಸಾಲುತ್ತಿರಲಿಲ್ಲ. ಹಳೆಯ ವೈರಿಂಗ್‌ನಲ್ಲಿ ಸ್ವಿಚ್ ಫೇಸಿನ ಬದಲು ನ್ಯೂಟ್ರಲ್ ಕಡಿಯುವಂತೆ ಕೂತಿರುವುದು ಅಪರೂಪವಲ್ಲ.

ಆ ದಿನ ಅವರು ಅಂಗಡಿಯ ಹುಡುಗನನ್ನು ಕರೆಯಲಿಲ್ಲ. ಮಗ, ಊರಿನ ಕಾಲೇಜೊಂದರ ವೈರಿಂಗ್ ಮಾಡಿದ ಗುತ್ತಿಗೆದಾರರ ನಂಬರ್ ಹುಡುಕಿ, ಅವರ ಬಳಿ ಕೆಲಸ ಮಾಡುವ ವೈರ್‌ಮ್ಯಾನ್ ಒಬ್ಬರ ಜೊತೆ ಮಾತಾಡಿದರು. ಆ ಫೋನ್ ಮಾತುಕತೆಯನ್ನು ಮಗ ನನಗೆ ಆಮೇಲೆ ಹೇಳಿದರು, ಮತ್ತು ನನಗೆ ಇಡೀ ಪ್ರಕರಣದಲ್ಲಿ ಹೆಚ್ಚು ಹಿಡಿಸಿದ್ದು ಅದೇ. ಆ ವೈರ್‌ಮ್ಯಾನ್ ದರ ಹೇಳುವ ಮೊದಲು ಪ್ರಶ್ನೆ ಕೇಳಿದರು. ಟ್ರಿಪ್ ಆಗುವುದು ಮಳೆಯಲ್ಲಿ ಮಾತ್ರವೇ? ಬೆಳಿಗ್ಗೆ ಗೀಸರ್ ಹಾಕಿದಾಗ ಏಕೆ ಆಗುವುದಿಲ್ಲ? ಸಂಜೆ ಹಾಕಿ ಬೆಳಿಗ್ಗೆ ಹಾಕದ ದೀಪ ಯಾವುದು? ಯುಪಿಎಸ್‌ನ ನ್ಯೂಟ್ರಲ್ ಬೇರೆ ಎಳೆದಿದ್ದಾರೆಯೇ ಅಥವಾ ಮನೆಯ ನ್ಯೂಟ್ರಲ್‌ಗೇ ಸೇರಿಸಿದ್ದಾರೆಯೇ? ಆಮೇಲೆ ಹೇಳಿದರು: “ಇವತ್ತು ಗೇಟಿನ ವೈರನ್ನು ಸ್ವಿಚ್ ಬೋರ್ಡಿನಲ್ಲೇ ಬಿಚ್ಚಿ ಬಿಡುತ್ತೇನೆ, ಉಳಿದ ಮನೆಗೆ ಕರೆಂಟ್ ಕೊಡುತ್ತೇನೆ, ಗೀಸರ್ ಮುಟ್ಟಬೇಡಿ. ಹುಡುಕುವುದಕ್ಕೆ ನಾಡಿದ್ದು ಹಗಲು ಹೊತ್ತು ಬರುತ್ತೇನೆ, ಅರ್ಧ ದಿನ ಬೇಕು. ಸಿಕ್ಕರೂ ಸಿಗದಿದ್ದರೂ ಅರ್ಧ ದಿನದ ಕೂಲಿ ಕೊಡಬೇಕು.”

ಕೊನೆಯ ವಾಕ್ಯ ಕೇಳಿ ಮೇಷ್ಟ್ರಿಗೆ ಸಿಟ್ಟು ಬಂದಿತ್ತಂತೆ. ಸಿಗದಿದ್ದರೂ ಏಕೆ ಕೊಡಬೇಕು? ಸಹಜವಾದ ಪ್ರಶ್ನೆ. ಆದರೆ ತಪ್ಪು ಹುಡುಕುವುದೇ ಇಲ್ಲಿನ ಕೆಲಸ, ಸಾಮಾನು ಬದಲಿಸುವುದಲ್ಲ ಎಂದು ಆ ಮನುಷ್ಯ ಫೋನಿನಲ್ಲೇ ಸ್ಪಷ್ಟ ಮಾಡಿಕೊಂಡಿದ್ದರು. ಒಂದು ಸಲ ಬಂದು ಹೋಗಲು 300 ರೂಪಾಯಿ ಕೊಡುವ ಮನೆಯಲ್ಲಿ ಯಾವ ಎಲೆಕ್ಟ್ರಿಷಿಯನ್ ನಾಲ್ಕು ಗಂಟೆ ಕೂತು ಹುಡುಕುತ್ತಾನೆ? ಅವನಿಗೆ ಇರುವ ದಾರಿ ಎರಡೇ: ಏನಾದರೊಂದನ್ನು ಬದಲಿಸುವುದು, ಇಲ್ಲವೇ ಡೈರೆಕ್ಟ್ ಕೊಡುವುದು. ಡಬ್ಬಿಯಲ್ಲಿ ಕೂತು ಕಣ್ಣಿಗೆ ಕಾಣುವ 1,900 ರೂಪಾಯಿಯ ವಸ್ತುವಿಗೆ ನಾವು ಚೌಕಾಸಿ ಮಾಡದೆ ಕೊಡುತ್ತೇವೆ; ಕಾಣದ ನಾಲ್ಕು ಗಂಟೆಗೆ ಸಾವಿರ ಕೊಡಲು ಕೈ ಬರುವುದಿಲ್ಲ.

ಪರೀಕ್ಷೆಯ ದಿನ ಮೇಷ್ಟ್ರು ಕರೆದದ್ದರಿಂದ ನಾನೂ ಅಲ್ಲಿದ್ದೆ. ಪಾಲಿಟೆಕ್ನಿಕ್‌ನಲ್ಲಿ ಈ ವಿಷಯವನ್ನೇ ಪಾಠ ಮಾಡಿದವನಾದ್ದರಿಂದ ಕುತೂಹಲವೂ ಇತ್ತು. ವೈರ್‌ಮ್ಯಾನ್ ಡಬ್ಬಿ ತೆರೆದು ಮೊದಲು ಮಾಡಿದ್ದು ಆರ್‌ಸಿಸಿಬಿಯ ಮೇಲಿರುವ ‘ಟಿ’ ಗುಂಡಿ ಒತ್ತಿದ್ದು. ಕರೆಂಟ್ ಇದ್ದಾಗ ಅದನ್ನು ಒತ್ತಿದರೆ ಕಿವಿ ಪಟ್ಟನೆ ಬೀಳಬೇಕು. ಬೀಳಲಿಲ್ಲ. ಕವಚ ಬಿಚ್ಚಿದಾಗ ವೈರೇ ಇಲ್ಲದ ಆರ್‌ಸಿಸಿಬಿ ಕಂಡಿತು. ಮೇಷ್ಟ್ರು ಬೆಚ್ಚಿದರು, ಡೈರೆಕ್ಟ್ ಎಂದರೆ ಇದು ಎಂದು ಅವರು ಊಹಿಸಿರಲಿಲ್ಲ. ವೈರ್‌ಮ್ಯಾನ್ ಬೈಯುತ್ತಾರೇನೋ ಎಂದುಕೊಂಡೆ. “ಇದರಿಂದ ಇವತ್ತು ಅಳೆಯುವುದು ಸುಲಭ, ನಡುವೆ ಬೀಳುವ ತೊಂದರೆ ಇಲ್ಲ” ಎಂದಷ್ಟೇ ಹೇಳಿದರು.

ಅವರ ಬಳಿ ಗುತ್ತಿಗೆದಾರರಿಂದ ತಂದ ಲೀಕೇಜ್ ಕ್ಲ್ಯಾಂಪ್ ಮೀಟರ್ ಇತ್ತು. ಸಾಮಾನ್ಯ ಕ್ಲ್ಯಾಂಪ್ ಮೀಟರಿಗೆ ಮಿಲಿ ಆಂಪಿಯರ್ ಕಾಣುವುದಿಲ್ಲ, ಇದಕ್ಕೆ ಕಾಣುತ್ತದೆ. ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಅದರ ಬಾಯಿಗೆ ಕೊಟ್ಟರೆ ವ್ಯತ್ಯಾಸ ಮಾತ್ರ ತೋರುತ್ತದೆ. ಗೀಸರ್ ಮತ್ತು ಗೇಟ್ ಎರಡನ್ನೂ ಬಿಟ್ಟು ಉಳಿದ ಮನೆ: 2 ಮಿಲಿ ಆಂಪಿಯರ್. ಟಿವಿ, ಕಂಪ್ಯೂಟರ್, ಯುಪಿಎಸ್ ಇರುವ ಮನೆಯಲ್ಲಿ ಅಷ್ಟು ಇದ್ದೇ ಇರುತ್ತದೆ. ಗೀಸರ್ ಹಾಕಿದಾಗ ಅದರದ್ದು 12. ಟೆಸ್ಟ್ ಲ್ಯಾಂಪಿನ ಬಲ್ಬಿನ ತಂತಿ ಕೆಂಪಾಗಲೂ ಈ 12 ಸಾಲದು. ಗೀಸರಿನವರಿಗೆ ಏನೂ ಕಾಣದಿದ್ದದ್ದು ಆಶ್ಚರ್ಯವಲ್ಲ. ಕಾಯಿಲ್‌ನ ಹೊರಗವಚ ಬಿರುಕು ಬಿಟ್ಟು ಒಳಗೆ ತೇವ ಹೋಗಿತ್ತು. ಅರ್ಥಿಂಗ್ ಸರಿಯಿದ್ದದ್ದರಿಂದ ಸ್ನಾನ ಮಾಡುವವರಿಗೆ ಶಾಕ್ ಹೊಡೆದಿರಲಿಲ್ಲ.

ಇನ್ನು ಗೇಟ್. ವೈರನ್ನು ಮತ್ತೆ ಸೇರಿಸಿ, ದೀಪ ಹಾಕಿ ಅಳೆದರು. ಮೀಟರ್ ಅಲುಗಲಿಲ್ಲ. ಆ ದಿನ ಬಿಸಿಲಿತ್ತು. ವೈರ್‌ಮ್ಯಾನ್ ಮನೆಯ ಅಮ್ಮನನ್ನು ಎರಡು ಬಿಂದಿಗೆ ನೀರು ಕೇಳಿದರು. ಎಲ್ಲರೂ ಗೇಟಿನಿಂದ ದೂರ ನಿಲ್ಲಿ ಎಂದು ಹೇಳಿ, ಮೇನ್ ಆಫ್ ಮಾಡಿ, ಗೇಟಿನ ಕಂಬದ ಮೇಲೆ ದೀಪ ಹೊತ್ತ ಕಬ್ಬಿಣದ ಕಮಾನಿನ ಮೇಲೆ ನೀರು ಸುರಿದರು. ಮೇನ್ ಹಾಕಿ ಬಂದು ನೋಡಿದರೆ ಮೀಟರಿನಲ್ಲಿ 10.

ಮೂರೂ ಸೇರಿ 24. ಒಂದೊಂದಾಗಿ ನೋಡಿದರೆ ಗೀಸರ್ ಮತ್ತು ಮನೆ ಸೇರಿ 14, ಗೇಟ್ ಮತ್ತು ಮನೆ ಸೇರಿ 12. ಎರಡೂ 15ರ ಕೆಳಗೆ, ಆರ್‌ಸಿಸಿಬಿ ಅಲುಗುವುದಿಲ್ಲ. ಬೆಳಿಗ್ಗೆ ಗೀಸರ್ ಇದೆ, ಗೇಟ್ ಲೈಟ್ ಇಲ್ಲ. ಬಿಸಿಲಿನ ಸಂಜೆ ಲೈಟ್ ಇದೆ, ನೀರಿಲ್ಲ. ಮಳೆಯ ಸಂಜೆ ಮಗನೋ ಸೊಸೆಯೋ ಕೆಲಸದಿಂದ ಬಂದು ಸ್ನಾನಕ್ಕೆ ಗೀಸರ್ ಹಾಕಿದಾಗ ಮಾತ್ರ ಮೂರೂ ಕೂಡುತ್ತಿದ್ದವು. ಆರ್‌ಸಿಸಿಬಿ, ಹಳೆಯದೂ ಹೊಸದೂ, ಮೊದಲ ದಿನದಿಂದ ನಿಜವನ್ನೇ ಹೇಳುತ್ತಿತ್ತು.

ಕಮಾನಿನ ಪೈಪಿನೊಳಗಿಂದ ಎಳೆದು ತೆಗೆದ ವೈರು ಮನೆಯೊಳಗೆ ಬಳಸುವ ಎರಡೆಳೆಯ ಫ್ಲೆಕ್ಸಿಬಲ್ ವೈರ್. ಮಗನ ಮದುವೆಯ ಅವಸರದಲ್ಲಿ ಹಾಕಿಸಿದ್ದು. ಪೈಪಿನ ಅಂಚು ತಾಗಿ ತಾಗಿ ಒಂದು ಕಡೆ ಇನ್ಸುಲೇಷನ್ ಸವೆದಿತ್ತು. ಅದರ ಹತ್ತಿರವೇ ಕಪ್ಪು ಟೇಪ್ ಸುತ್ತಿದ ಜಾಯಿಂಟ್, ಟೇಪಿನ ಅಂಟು ಕರಗಿ ಲೋಳೆಯಾಗಿತ್ತು. ಒಣಗಿದಾಗ ನಿರಪಾಯ, ಒದ್ದೆಯಾದರೆ ಕಮಾನಿಗೂ ಗೇಟಿಗೂ ಕರೆಂಟ್ ಹರಿಯುತ್ತಿತ್ತು.

ದುರಸ್ತಿಯ ಭಾಗ ಬೇಗ ಮುಗಿಯಿತು. ಹೊರಗಿನ ಬಳಕೆಗೆ ತಕ್ಕ ಮೂರೆಳೆಯ ಕೇಬಲ್, ಕಬ್ಬಿಣದ ಪೈಪಿನ ಬದಲು ಪಿವಿಸಿ ಪೈಪ್, ನೀರು ಹೋಗದ ಜಂಕ್ಷನ್ ಡಬ್ಬಿ, ಪ್ಲಾಸ್ಟಿಕ್ ಮೈಯ ದೀಪ. ನಡುವೆ ಎಲ್ಲೂ ಜಾಯಿಂಟ್ ಇಲ್ಲ. ಗೀಸರಿಗೆ ಹೊಸ ಕಾಯಿಲ್ ಮತ್ತು ವಾಷರ್. ಹೊಸ ಆರ್‌ಸಿಸಿಬಿಯನ್ನು ಅದರ ಜಾಗದಲ್ಲೇ ಸೇರಿಸಿದರು. ‘ವೀಕ್’ ಎಂದು ತೆಗೆದುಹಾಕಿದ್ದ ಹಳೆಯದನ್ನು ಅಮ್ಮ ಖಾನೆಯಿಂದ ತಂದುಕೊಟ್ಟಾಗ ವೈರ್‌ಮ್ಯಾನ್ ಅದನ್ನೂ ಪರೀಕ್ಷಿಸಿದರು. ಚೆನ್ನಾಗಿಯೇ ಇತ್ತು. ಅದನ್ನು ಗೀಸರ್ ಮತ್ತು ಹೊರಗಿನ ದೀಪಗಳಿಗೆ ಬೇರೆಯಾಗಿ ಹಾಕಿದರು, ಇನ್ನು ಮುಂದೆ ಗೇಟಿನ ತಪ್ಪಿಗೆ ಅಡುಗೆಮನೆ ಕತ್ತಲಾಗುವುದಿಲ್ಲ. ಎರಡು ಅರ್ಧ ದಿನಗಳ ಕೂಲಿ 1,800, ಗೇಟಿನ ಸಾಮಾನು 2,200, ಗೀಸರಿನದ್ದು 900. ಒಟ್ಟು 4,900. ಅದಕ್ಕೆ ಮೊದಲು ತಪ್ಪು ಸಿಗದೆಯೇ ಖರ್ಚಾದದ್ದು 2,950.

ಈ ಲೆಕ್ಕ ಹಿಡಿದು ಅಂಗಡಿಯ ಹುಡುಗನನ್ನು ಹಳಿಯುವುದು ಸುಲಭ, ಮನೆಯವರು ಹಳಿದರೂ ಕೂಡ. ಡೈರೆಕ್ಟ್ ಕೊಟ್ಟದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆ ರಾತ್ರಿ ಅವನು ಗೀಸರಿನ ಮತ್ತು ಹೊರಗಿನ ದೀಪದ ಎಂಸಿಬಿಗಳನ್ನು ಇಳಿಸಿ ಉಳಿದ ಮನೆಗೆ ಆರ್‌ಸಿಸಿಬಿಯ ಮೂಲಕವೇ ಕರೆಂಟ್ ಕೊಡಬಹುದಿತ್ತು. ಗೀಸರ್ ಇಳಿಸಿದರೆ ನಿಲ್ಲುತ್ತದೆ ಎಂಬುದು ಅವನಿಗೆ ಗೊತ್ತೇ ಇತ್ತು. ನೆಂಟರು ಒಲೆಯ ಮೇಲೆ ಕಾಯಿಸಿದ ನೀರಿನಲ್ಲಿ ಸ್ನಾನ ಮಾಡುತ್ತಿದ್ದರು, ಅಷ್ಟೆ. ಆದರೆ ಮೇಷ್ಟ್ರು ಅವನಿಗೆ ಕೊಟ್ಟ ಕೆಲಸ ತಪ್ಪು ಹುಡುಕುವುದಲ್ಲ, ಕರೆಂಟ್ ತರಿಸುವುದು. ತುರ್ತು ಎಂದು ರಾತ್ರಿ ಕರೆಸಿದ ಎಲೆಕ್ಟ್ರಿಷಿಯನ್ನನಿಗೆ ಹೇಳಬೇಕಾದದ್ದು ‘ಅಪಾಯ ಇರುವ ಭಾಗವನ್ನು ಬೇರ್ಪಡಿಸಿ ಉಳಿದದ್ದಕ್ಕೆ ಕೊಡು’ ಎಂದು. ಈ ಎರಡು ಮಾತುಗಳ ನಡುವಿನ ಅಂತರವೇ ಹಾಲಿನವರ ಕೈಗೆ ತಾಗಿದ್ದು.

ಪರವಾನಗಿಯ ವಿಷಯ. ಕರ್ನಾಟಕದಲ್ಲಿ ವಿದ್ಯುತ್ ಪರಿವೀಕ್ಷಣಾಲಯವು ಗುತ್ತಿಗೆದಾರರಿಗೆ ಪರವಾನಗಿ, ಮೇಲ್ವಿಚಾರಕರಿಗೂ ವೈರ್‌ಮ್ಯಾನ್‌ಗಳಿಗೂ ಅನುಮತಿ ಪತ್ರ ಕೊಡುತ್ತದೆ. ಹೊಸ ಮನೆಗೆ ಮೀಟರ್ ಪಡೆಯುವಾಗ ಗುತ್ತಿಗೆದಾರರ ಸಹಿ ಬೇಕು, ಆಗ ಎಲ್ಲರೂ ಪರವಾನಗಿ ಇರುವವರನ್ನೇ ಹುಡುಕುತ್ತಾರೆ. ಮುಂದಿನ ಮೂವತ್ತು ವರ್ಷದ ದುರಸ್ತಿಗೆ ಆ ಕಾಗದವನ್ನು ಯಾರೂ ಕೇಳುವುದಿಲ್ಲ. ಕಾಗದ ಇದ್ದವರೆಲ್ಲ ಜಾಣರೆಂದು ನಾನು ಹೇಳುವುದಿಲ್ಲ. ಹುಡುಗನಿಗೂ ಐಟಿಐ ಸರ್ಟಿಫಿಕೇಟ್ ಇದೆ. ಈ ಪ್ರಕರಣದಲ್ಲಿ ವ್ಯತ್ಯಾಸ ಮಾಡಿದ್ದು ಗುತ್ತಿಗೆದಾರರ ಬಳಿ ಇದ್ದ ಮೀಟರ್, ಮತ್ತು ‘ಅರ್ಧ ದಿನ ಬೇಕು’ ಎಂದು ಹೇಳುವ ಧೈರ್ಯ. ಲೀಕೇಜ್ ಮೀಟರ್ ಇಲ್ಲದಿದ್ದರೂ 500 ವೋಲ್ಟಿನ ಮೆಗರ್ (ಇನ್ಸುಲೇಷನ್ ಅಳೆಯುವ ಸಾಧನ) ಸಾಕಿತ್ತು. ಎರಡೂ ಇಲ್ಲದೆ ಬರಿಯ ಟೆಸ್ಟರ್ ಹಿಡಿದು ಬಂದವರಿಗೆ ಆರ್‌ಸಿಸಿಬಿ ತಕರಾರು ಕೊಡುವುದು ಅವರಿಗೂ ಅನ್ಯಾಯ.

ಫ್ಯಾನಿನ ಕೆಪಾಸಿಟರ್, ಟ್ಯೂಬ್‌ಲೈಟ್, ಸ್ವಿಚ್‌ಗಳಿಗೆ ಆ ಮನೆಯವರು ಈಗಲೂ ಅಂಗಡಿಯ ಹುಡುಗನನ್ನೇ ಕರೆಯುತ್ತಾರೆ. ವೈರ್‌ಮ್ಯಾನ್ ಅಂಥ ಸಣ್ಣ ಕೆಲಸಕ್ಕೆ ಸಿಗುವುದೂ ಇಲ್ಲ. ಸೊಸೆ ತಿಂಗಳಿಗೊಮ್ಮೆ ‘ಟಿ’ ಗುಂಡಿ ಒತ್ತುತ್ತಾರೆ. ಟಿವಿ ನೋಡುವಾಗ ಒತ್ತಿದರೆ ಮೇಷ್ಟ್ರು ಗೊಣಗುತ್ತಾರೆ.

ಬಾಕಿ ಉಳಿದಿರುವುದು ಮೇಲಿನ ಮನೆ. ಅದರ ಮೀಟರಿಗೆ ಆರ್‌ಸಿಸಿಬಿಯೇ ಇಲ್ಲ, ಗೀಸರ್ ಮಾತ್ರ ಇದೆ, ಅದೂ ಕೆಳಗಿನದ್ದರಷ್ಟೇ ಹಳೆಯದು. ವೈರ್‌ಮ್ಯಾನ್ ಡಬ್ಬಿ ಸಹಿತ 3,500 ರೂಪಾಯಿ ಹೇಳಿದ್ದಾರೆ. ವೈರಿಂಗ್ ಮನೆಯ ಮಾಲೀಕರದ್ದು, ಅವರೇ ಹಾಕಿಸಬೇಕು ಎನ್ನುತ್ತಾರೆ ಬಾಡಿಗೆಯವರು. ಗೀಸರ್ ಅವರು ತಂದದ್ದು, ಅರ್ಧ ಕೊಡಲಿ ಎನ್ನುತ್ತಾರೆ ಮೇಷ್ಟ್ರು. ಹನ್ನೊಂದು ತಿಂಗಳ ಕರಾರು ಮುಗಿಯುವಾಗ ತೀರ್ಮಾನಿಸೋಣ ಎಂಬಲ್ಲಿಗೆ ಮಾತು ನಿಂತಿದೆ. ಅಷ್ಟರೊಳಗೆ ಇನ್ನೊಂದು ಮಳೆಗಾಲ ಬರುತ್ತದೆ, ಬಾಡಿಗೆಯವರ ಪಾಲನ್ನು ಅವರ ಮುಂಗಡದಲ್ಲಿ ಹಿಡಿದುಕೊಂಡಾದರೂ ಈಗಲೇ ಹಾಕಿಸಿಬಿಡಿ ಎಂದು ನಾನು ಮೇಷ್ಟ್ರಿಗೆ ಹೇಳಿದ್ದೇನೆ.